ಸಂಯೋಜಿತ ಚಿತ್ರಗಳಿಗೆ ಮುಕ್ತ ಪರವಾನಗಿಯ ಆಯ್ಕೆ

ಇತರರು ರಚಿಸಿದ ಎರಡು ಅಥವಾ ಹೆಚ್ಚು ಚಿತ್ರಗಳನ್ನು ಜೋಡಿಸಿ, ಕತ್ತರಿಸಿ ಅಥವಾ ಒಂದರೊಳಗೊಂದು ಬೆರೆಸಿ ರಚಿಸಿದ ಹೊಸ ಚಿತ್ರವನ್ನು ಸಂಯೋಜಿತ ಚಿತ್ರ ಎನ್ನುತ್ತಾರೆ. ನಗರಗಳ ಕುರಿತ ವಿಶ್ವಕೋಶ ಲೇಖನಗಳ ಆರಂಭದಲ್ಲಿ ಕಾಣುವ ಮಾಂಟೇಜ್, ಪುಸ್ತಕದ ಮುಖಪುಟದ ಕೊಲಾಜ್, ಹಲವು ಛಾಯಾಚಿತ್ರಗಳಿಂದ ಕೂಡಿದ ಭಿತ್ತಿಪತ್ರ, ನಕ್ಷೆಯ ಮೇಲೆ ಚಿತ್ರಗಳನ್ನಿಟ್ಟು ಸಿದ್ಧಪಡಿಸಿದ ಮಾಹಿತಿಚಿತ್ರ ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಇಂತಹ ಚಿತ್ರವನ್ನು ಮುಕ್ತ ಪರವಾನಗಿಯಡಿ ಪ್ರಕಟಿಸುವಾಗ ಯಾವ ಪರವಾನಗಿ ಸಲ್ಲುತ್ತದೆ ಎಂಬುದು ಸಂಯೋಜಕನ ಇಚ್ಛೆಗಿಂತ ಹೆಚ್ಚಾಗಿ ಮೂಲಚಿತ್ರಗಳ ಪರವಾನಗಿಗಳಿಂದ ನಿರ್ಧಾರವಾಗುತ್ತದೆ. ಕೆಲವು ಮೂಲಗಳು ಸಂಯೋಜಕನಿಗೆ ಹಲವು ಆಯ್ಕೆಗಳನ್ನು ಉಳಿಸುತ್ತವೆ, ಕೆಲವು ಒಂದನ್ನು ಮಾತ್ರ. ಕೆಲವು ಮೂಲಗಳನ್ನು ಒಟ್ಟಿಗೆ ಸೇರಿಸಿದಾಗ ಒಂದು ಪರವಾನಗಿಯೂ ಉಳಿಯುವುದಿಲ್ಲ.

ಪರವಾನಗಿಯ ವಿಚಾರವನ್ನು ಚಿತ್ರ ಸಿದ್ಧವಾದ ಮೇಲೆ ನೋಡಿಕೊಂಡರಾಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಈ ಕಾರಣದಿಂದಲೇ ಅನೇಕ ಸಂಯೋಜನೆಗಳು ಪ್ರಕಟವಾದ ನಂತರ ಅಳಿಸಲ್ಪಡುತ್ತವೆ. ಹತ್ತು ಚಿತ್ರಗಳ ಮಾಂಟೇಜಿನಲ್ಲಿ ಒಂದು ಹೊಂದದಿದ್ದರೂ ಇಡೀ ಕಡತ ದೋಷಯುಕ್ತವಾಗುತ್ತದೆ ಮತ್ತು ಅದನ್ನು ಬಳಸಿದ ಎಲ್ಲ ಭಾಷೆಗಳ ಪುಟಗಳಲ್ಲಿಯೂ ಖಾಲಿ ಜಾಗ ಉಳಿಯುತ್ತದೆ.

ಹಿನ್ನೆಲೆ

ಛಾಯಾಚಿತ್ರ ಅಥವಾ ರೇಖಾಚಿತ್ರ ರಚನೆಯಾದ ಕ್ಷಣದಿಂದಲೇ ಅದರ ಹಕ್ಕುಸ್ವಾಮ್ಯ ಕರ್ತೃವಿಗೆ ಸೇರುತ್ತದೆ, ನೋಂದಣಿಯ ಅಗತ್ಯವಿಲ್ಲ. ಪ್ರತಿ ಮಾಡುವ, ಮಾರ್ಪಡಿಸುವ ಮತ್ತು ಹಂಚುವ ಅನುಮತಿಯನ್ನು ಕರ್ತೃವು ಎಲ್ಲರಿಗೂ ಮುಂಚಿತವಾಗಿಯೇ, ಕೆಲವು ಷರತ್ತುಗಳೊಂದಿಗೆ ನೀಡುವ ಪತ್ರವೇ ಮುಕ್ತ ಪರವಾನಗಿ. ತಂತ್ರಾಂಶದ ಕೈಪಿಡಿಗಳಿಗಾಗಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2000ದಲ್ಲಿ ಹೊರತಂದ ಗ್ನೂ ಫ್ರೀ ಡಾಕ್ಯುಮೆಂಟೇಶನ್ ಲೈಸೆನ್ಸ್ (ಜಿಎಫ್‌ಡಿಎಲ್) ಮತ್ತು ಅದೇ ವರ್ಷ ಫ್ರಾನ್ಸ್‌ನಲ್ಲಿ ರೂಪುಗೊಂಡ ಫ್ರೀ ಆರ್ಟ್ ಲೈಸೆನ್ಸ್ ಆರಂಭದ ಪರವಾನಗಿಗಳಲ್ಲಿ ಸೇರಿವೆ. 2001ರಲ್ಲಿ ಸ್ಥಾಪನೆಯಾದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯು 2002ರ ಡಿಸೆಂಬರ್‌ನಲ್ಲಿ ತನ್ನ ಮೊದಲ ಪರವಾನಗಿಗಳನ್ನು ಪ್ರಕಟಿಸಿತು. ಛಾಯಾಚಿತ್ರ ಹಂಚಿಕೆಯ ತಾಣವಾದ ಫ್ಲಿಕರ್ 2004ರಲ್ಲಿ ಇವುಗಳನ್ನು ಅಳವಡಿಸಿಕೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಕಿಮೀಡಿಯ ಕಾಮನ್ಸ್ ಆರಂಭವಾಯಿತು. ಅಪರಿಚಿತರ ಚಿತ್ರಗಳನ್ನು ಪತ್ರವ್ಯವಹಾರವಿಲ್ಲದೆ ಒಟ್ಟುಗೂಡಿಸುವುದು ಸಾಮಾನ್ಯ ಓದುಗರಿಗೂ ಸಾಧ್ಯವಾದದ್ದು ಇಲ್ಲಿಂದ ಮುಂದೆ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ನಾಲ್ಕು ಅಂಶಗಳಿವೆ. 'ಬೈ' ಎಂದರೆ ಕರ್ತೃವಿನ ಹೆಸರನ್ನು ನಮೂದಿಸಬೇಕು. 'ಎಸ್‌ಎ' ಅಥವಾ ಸಮಾನ ಹಂಚಿಕೆ ಎಂದರೆ ಮಾರ್ಪಡಿಸಿದ ಕೃತಿಯನ್ನೂ ಅದೇ ಪರವಾನಗಿಯಡಿ ಹಂಚಬೇಕು. 'ಎನ್‌ಸಿ' ವಾಣಿಜ್ಯ ಬಳಕೆಯನ್ನು ಹೊರಗಿಡುತ್ತದೆ. 'ಎನ್‌ಡಿ' ಮಾರ್ಪಡಿಸಿದ ರೂಪವನ್ನು ಹಂಚಲು ಅವಕಾಶ ಕೊಡುವುದಿಲ್ಲ. ಈ ಅಂಶಗಳ ಜೋಡಣೆಯಿಂದ ಆರು ಪರವಾನಗಿಗಳು ಬಳಕೆಯಲ್ಲಿವೆ. ಇವುಗಳ ಜೊತೆಗೆ, ಹಕ್ಕುಗಳನ್ನು ಸಾಧ್ಯವಾದಷ್ಟೂ ಪೂರ್ಣವಾಗಿ ಬಿಟ್ಟುಕೊಡುವ 'ಸಿಸಿ ಝೀರೋ' ಎಂಬ ಘೋಷಣೆ 2009ರಲ್ಲಿ ಬಂದಿತು. ಆರರಲ್ಲಿ 'ಬೈ' ಮತ್ತು 'ಬೈ-ಎಸ್‌ಎ' ಎರಡನ್ನು ಮಾತ್ರ ಕಟ್ಟುನಿಟ್ಟಾದ ಅರ್ಥದಲ್ಲಿ ಮುಕ್ತ ಎಂದು ಪರಿಗಣಿಸಲಾಗುತ್ತದೆ. ವಿಕಿಮೀಡಿಯ ಕಾಮನ್ಸ್ ಎನ್‌ಸಿ ಮತ್ತು ಎನ್‌ಡಿ ಷರತ್ತುಳ್ಳ ಚಿತ್ರಗಳನ್ನು ಸ್ವೀಕರಿಸುವುದಿಲ್ಲ.

ರೂಪಾಂತರವೋ ಸಂಕಲನವೋ

ಪರವಾನಗಿಗಳನ್ನು ಹೋಲಿಸುವ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಸಿದ್ಧವಾದ ಚಿತ್ರವು ಮೂಲಚಿತ್ರಗಳ ರೂಪಾಂತರವೇ, ಅಥವಾ ಅವುಗಳ ಸಂಕಲನ ಮಾತ್ರವೇ? ಸಂಕಲನದಲ್ಲಿ ಪ್ರತಿ ಚಿತ್ರವೂ ತನ್ನ ಪರವಾನಗಿಯನ್ನು ತಾನೇ ಹೊತ್ತುಕೊಂಡಿರುತ್ತದೆ. ನೆರೆಯ ಚಿತ್ರದ ಷರತ್ತು ಅದಕ್ಕೆ ತಗಲುವುದಿಲ್ಲ. ಒಂದು ಪತ್ರಿಕೆಯ ಒಂದೇ ಪುಟದಲ್ಲಿ ಬೈ-ಎಸ್‌ಎ ಚಿತ್ರವೂ ಬೈ-ಎನ್‌ಡಿ ಚಿತ್ರವೂ ಪಕ್ಕಪಕ್ಕದಲ್ಲಿ ಇರಬಹುದು. ರೂಪಾಂತರದಲ್ಲಿ ಹಾಗಲ್ಲ. ಅಲ್ಲಿ ಎಲ್ಲ ಮೂಲಗಳ ಷರತ್ತುಗಳನ್ನೂ ಒಟ್ಟಿಗೆ ಪಾಲಿಸಬಲ್ಲ ಒಂದು ಪರವಾನಗಿ ಬೇಕಾಗುತ್ತದೆ.

ಇವೆರಡರ ನಡುವಿನ ಗೆರೆ ಸ್ಪಷ್ಟವಾಗಿಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ 3.0 ಆವೃತ್ತಿಯು ಸಂಕಲನವನ್ನು ವ್ಯಾಖ್ಯಾನಿಸುವಾಗ ಮೂಲಕೃತಿಯು ಅದರಲ್ಲಿ ಪೂರ್ಣವಾಗಿ, ಮಾರ್ಪಾಡಿಲ್ಲದೆ ಸೇರಿರಬೇಕು ಎನ್ನುತ್ತದೆ. ಚೌಕದಲ್ಲಿ ಕೂರಿಸಲು ಅಂಚುಗಳನ್ನು ಕತ್ತರಿಸಿದ ಚಿತ್ರ ಈ ಮಾತಿನ ಅಕ್ಷರಾರ್ಥಕ್ಕೆ ಹೊಂದುವುದಿಲ್ಲ. 2013ರ ನವೆಂಬರ್‌ನಲ್ಲಿ ಬಂದ 4.0 ಆವೃತ್ತಿಯಲ್ಲಿ ಸಂಕಲನದ ವ್ಯಾಖ್ಯಾನವೇ ಇಲ್ಲ. ಹಕ್ಕುಸ್ವಾಮ್ಯ ಕಾನೂನಿನಡಿ ಅನುಮತಿ ಬೇಕಾಗುವ ರೀತಿಯಲ್ಲಿ ಬದಲಾಯಿಸಿದ, ಅಣಿಗೊಳಿಸಿದ ಅಥವಾ ಪರಿವರ್ತಿಸಿದ ಕೃತಿಯೇ ರೂಪಾಂತರ ಎಂದು ಅದು ಹೇಳಿ, ತೀರ್ಮಾನವನ್ನು ಆಯಾ ದೇಶದ ಕಾನೂನಿಗೆ ಬಿಡುತ್ತದೆ. ಕಡತದ ಸ್ವರೂಪವನ್ನು ಮಾತ್ರ ಬದಲಾಯಿಸುವುದು, ಅಂದರೆ ಟಿಫ್ ಕಡತವನ್ನು ಜೆಪೆಗ್ ಮಾಡುವಂತಹ ಕೆಲಸ, ಎಂದಿಗೂ ರೂಪಾಂತರವಾಗುವುದಿಲ್ಲ ಎಂಬುದನ್ನು 4.0 ಸ್ಪಷ್ಟಪಡಿಸಿದೆ.

ಭಾರತದ ಹಕ್ಕುಸ್ವಾಮ್ಯ ಅಧಿನಿಯಮ, 1957ರ 2ನೇ ಪ್ರಕರಣವು ರೂಪಾಂತರದ ವ್ಯಾಖ್ಯಾನದಲ್ಲಿ ಯಾವುದೇ ಕೃತಿಯ ಮರುಜೋಡಣೆ ಅಥವಾ ಬದಲಾವಣೆಯನ್ನು ಒಳಗೊಂಡ ಬಳಕೆಯನ್ನೂ ಸೇರಿಸಿದೆ. ಇದು ಬಹಳ ವಿಶಾಲವಾದ ಮಾತು. ಇದೇ ಅಧಿನಿಯಮದ 14ನೇ ಪ್ರಕರಣದಂತೆ ಕಲಾಕೃತಿಯ ರೂಪಾಂತರದ ಹಕ್ಕು ಅದರ ಒಡೆಯನಿಗೆ ಸೇರಿದ್ದು, ಛಾಯಾಚಿತ್ರವೂ ಕಲಾಕೃತಿಯೇ ಆಗಿದೆ. ಆದ್ದರಿಂದ ಕತ್ತರಿಸಿ ಜೋಡಿಸಿದ ಮಾಂಟೇಜನ್ನು ಭಾರತದಲ್ಲಿ ಸಂಕಲನವೆಂದು ಧೈರ್ಯವಾಗಿ ಹೇಳುವುದು ಕಷ್ಟ.

ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗೊಮೆರಿ ಕೌಂಟಿಯ ರಸ್ತೆ ನಕ್ಷೆಗಳ ಪುಸ್ತಕವೊಂದರ ಮುಖಪುಟಕ್ಕೆ ಕ್ಯಾಪಾ ಮ್ಯಾಪ್ ಗ್ರೂಪ್ ಎಂಬ ಪ್ರಕಾಶನ ಸಂಸ್ಥೆ ಫ್ಲಿಕರ್‌ನ ಬೈ-ಎಸ್‌ಎ 2.0 ಚಿತ್ರವನ್ನು ಬಳಸಿತ್ತು. ಸಮಾನ ಹಂಚಿಕೆಯ ಷರತ್ತಿನಂತೆ ಇಡೀ ಪುಸ್ತಕವೇ ಮುಕ್ತ ಪರವಾನಗಿಯಡಿ ಬರಬೇಕಿತ್ತು ಎಂಬುದು ಛಾಯಾಗ್ರಾಹಕರ ವಾದ. 2015ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಡಿ.ಸಿ.ಯ ಫೆಡರಲ್ ಜಿಲ್ಲಾ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಪುಸ್ತಕವು ಛಾಯಾಚಿತ್ರದ ರೂಪಾಂತರವಲ್ಲ, ಬಿಡಿ ಕೃತಿಗಳ ಸಂಕಲನ ಎಂದು ಅದು ತೀರ್ಪಿತ್ತಿತು. ಹಿಂಬದಿಯ ರಕ್ಷಾಪುಟದಲ್ಲಿ ಕೊಟ್ಟಿದ್ದ ಕರ್ತೃ ನಮೂದೂ ಸಾಕೆಂದಿತು. ಪುಸ್ತಕ ಮತ್ತು ಮುಖಪುಟದ ಸಂಬಂಧಕ್ಕೆ ಈ ತೀರ್ಪು ಉಪಯುಕ್ತ. ಆದರೆ ಹಲವು ಚಿತ್ರಗಳನ್ನು ಕತ್ತರಿಸಿ ಒಂದೇ ಕಡತವಾಗಿ ಬೆಸೆದಾಗ ಏನಾಗುತ್ತದೆ ಎಂಬುದು ಆ ಮೊಕದ್ದಮೆಯ ವಿಷಯವಾಗಿರಲಿಲ್ಲ. ಅದನ್ನು ಮಾಂಟೇಜುಗಳಿಗೆ ಎಳೆದು ತರುವುದು ಅವಸರದ ಓದಾಗುತ್ತದೆ.

ಈ ಅನಿಶ್ಚಿತತೆಯ ನಡುವೆ, ಒಂದೇ ಕಡತವಾಗಿ ಬೆಸೆದ ಚಿತ್ರವನ್ನು ರೂಪಾಂತರವೆಂದೇ ಭಾವಿಸಿ ಮುಂದುವರಿಯುವುದು ಸುರಕ್ಷಿತ ಕ್ರಮ. ವಿಕಿಮೀಡಿಯ ಕಾಮನ್ಸ್‌ನಲ್ಲಿಯೂ ಮಾಂಟೇಜುಗಳನ್ನು ವ್ಯುತ್ಪನ್ನ ಕೃತಿಗಳಾಗಿ ನೋಡುವ ವಾಡಿಕೆಯಿದೆ.

ಪರವಾನಗಿಗಳ ಹೊಂದಾಣಿಕೆ

ಹಕ್ಕುಸ್ವಾಮ್ಯದ ಅವಧಿ ಮುಗಿದ ಚಿತ್ರಗಳು ಮತ್ತು ಸಿಸಿ ಝೀರೋ ಚಿತ್ರಗಳು ಯಾವುದರೊಂದಿಗೂ ಸೇರಬಲ್ಲವು. ಅವುಗಳಿಂದ ಮಾತ್ರ ರಚಿಸಿದ ಸಂಯೋಜನೆಗೆ ಸಂಯೋಜಕನು ತನಗಿಷ್ಟವಾದ ಪರವಾನಗಿ ಕೊಡಬಹುದು. ಆದರೆ ಆ ಪರವಾನಗಿ ಆತನ ಸ್ವಂತ ಕೊಡುಗೆಗೆ, ಅಂದರೆ ಆಯ್ಕೆ ಮತ್ತು ವಿನ್ಯಾಸಕ್ಕೆ ಮಾತ್ರ ಅನ್ವಯಿಸುತ್ತದೆ. ಹಳೆಯ ಚಿತ್ರವೊಂದನ್ನು ಮಾಂಟೇಜಿನಿಂದ ಮತ್ತೆ ಬಿಡಿಸಿ ತೆಗೆಯುವವನನ್ನು ಅದು ಕಟ್ಟಿಹಾಕಲಾರದು. ಸಮತಟ್ಟಾದ ಹಳೆಯ ಚಿತ್ರದ ಯಥಾವತ್ ಪ್ರತಿಗೆ ಹೊಸ ಹಕ್ಕುಸ್ವಾಮ್ಯ ಹುಟ್ಟುವುದಿಲ್ಲ ಎಂದು ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯ 1999ರಲ್ಲಿ ಹೇಳಿತ್ತು. ಯುರೋಪಿಯನ್ ಒಕ್ಕೂಟದ 2019ರ ಹಕ್ಕುಸ್ವಾಮ್ಯ ನಿರ್ದೇಶನದ 14ನೇ ವಿಧಿಯೂ ಇದೇ ದಿಕ್ಕಿನಲ್ಲಿದೆ. ಆದರೂ ಕೆಲವು ಸಂಗ್ರಹಾಲಯಗಳು ಇಂತಹ ಪ್ರತಿಗಳ ಮೇಲೆ ಹಕ್ಕು ನಮೂದಿಸುವ ರೂಢಿಯನ್ನು ಬಿಟ್ಟಿಲ್ಲ.

'ಬೈ' ಪರವಾನಗಿಯ ಚಿತ್ರಗಳೂ ಬಹುಮಟ್ಟಿಗೆ ಸಲೀಸಾಗಿವೆ. ಕರ್ತೃವಿನ ಹೆಸರನ್ನು ಮುಂದಿನ ಬಳಕೆದಾರರೂ ಉಳಿಸಿಕೊಳ್ಳಲು ಅಡ್ಡಿಯಾಗದ ಯಾವುದೇ ಪರವಾನಗಿಯನ್ನು ಸಂಯೋಜನೆಗೆ ಕೊಡಬಹುದು. ಹಾಗಾಗಿ ಸಿಸಿ ಝೀರೋ ಮಾತ್ರ ಇಲ್ಲಿ ಸಲ್ಲದು: ಸಂಯೋಜಕನು ತನ್ನ ಹಕ್ಕನ್ನು ಬಿಟ್ಟುಕೊಡಬಲ್ಲನೇ ಹೊರತು ಇನ್ನೊಬ್ಬನ ಹೆಸರನ್ನು ಕೈಬಿಡುವ ಅನುಮತಿಯನ್ನು ಆತ ಲೋಕಕ್ಕೆ ಕೊಡಲಾರ. ಇಂತಹ ಸಂಯೋಜನೆಗಳ ಮೇಲೆ 'ಸ್ವಂತ ಕೃತಿ, ಸಿಸಿ ಝೀರೋ' ಎಂಬ ನಮೂದು ಆಗಾಗ ಕಾಣುತ್ತದೆ. ಅದು ಎರಡು ಪದಗಳಲ್ಲಿಯೂ ತಪ್ಪು.

ಸಮಾನ ಹಂಚಿಕೆಯ ಚಿತ್ರವೊಂದು ಸೇರಿದೊಡನೆ ಆಯ್ಕೆ ಮುಗಿಯುತ್ತದೆ. ಬೈ ಮತ್ತು ಬೈ-ಎಸ್‌ಎ ಕೂಡಿದರೆ ಫಲಿತಾಂಶ ಬೈ-ಎಸ್‌ಎ ಆಗಬೇಕು. ಒಂಬತ್ತು ಚಿತ್ರಗಳು ಹಕ್ಕುಮುಕ್ತವಾಗಿದ್ದು ಹತ್ತನೆಯದು ಅಂಗೈಯಗಲದ ಬೈ-ಎಸ್‌ಎ ಚಿತ್ರವಾಗಿದ್ದರೂ ಇದೇ ನಿಯಮ. ಎರಡು ಬೇರೆ ಬಗೆಯ ಸಮಾನ ಹಂಚಿಕೆಗಳು ಎದುರಾದಾಗ ನಿಜವಾದ ಇಕ್ಕಟ್ಟು ತಲೆದೋರುತ್ತದೆ. ಬೈ-ಎಸ್‌ಎ ಚಿತ್ರವು ಸಂಯೋಜನೆಯ ವಾಣಿಜ್ಯ ಬಳಕೆಗೆ ಅವಕಾಶವಿರಲೇಬೇಕು ಎನ್ನುತ್ತದೆ. ಬೈ-ಎನ್‌ಸಿ-ಎಸ್‌ಎ ಚಿತ್ರವು ಅದೇ ಸಂಯೋಜನೆಯಲ್ಲಿ ವಾಣಿಜ್ಯ ಬಳಕೆ ಕೂಡದು ಎನ್ನುತ್ತದೆ. ಎರಡನ್ನೂ ಪಾಲಿಸುವ ಪರವಾನಗಿ ಇರಲು ಸಾಧ್ಯವಿಲ್ಲ. ಸಂಯೋಜಕನು ಒಂದು ಪೈಸೆಯನ್ನೂ ಗಳಿಸದಿದ್ದರೂ ಈ ತೊಡಕು ಬಿಡಿಸಲಾಗದು, ಏಕೆಂದರೆ ಪ್ರಶ್ನೆ ಇರುವುದು ಆತನ ಗಳಿಕೆಯ ಬಗ್ಗೆ ಅಲ್ಲ, ಮುಂದಿನವರಿಗೆ ದೊರೆಯಬೇಕಾದ ಅನುಮತಿಯ ಬಗ್ಗೆ. ಬೈ-ಎಸ್‌ಎ ಮತ್ತು ಬೈ-ಎನ್‌ಸಿ ನಡುವೆಯೂ ಇದೇ ಪರಿಸ್ಥಿತಿ. ಬೈ, ಬೈ-ಎನ್‌ಸಿ ಮತ್ತು ಬೈ-ಎನ್‌ಸಿ-ಎಸ್‌ಎ ಮೂರೂ ಕೂಡಿದರೆ ಮಾತ್ರ ಬೈ-ಎನ್‌ಸಿ-ಎಸ್‌ಎ ಎಂಬ ದಾರಿ ಉಳಿಯುತ್ತದೆ.

ಎನ್‌ಡಿ ಚಿತ್ರಗಳು ಬೆಸೆದ ಸಂಯೋಜನೆಗೆ ಒದಗುವುದೇ ಇಲ್ಲ. 4.0 ಆವೃತ್ತಿಯ ಎನ್‌ಡಿ ಪರವಾನಗಿಯು ಖಾಸಗಿಯಾಗಿ ರೂಪಾಂತರ ಮಾಡಿಕೊಳ್ಳಲು ಬಿಡುತ್ತದೆ, ಹಂಚಲು ಬಿಡುವುದಿಲ್ಲ.

ಕ್ರಿಯೇಟಿವ್ ಕಾಮನ್ಸ್ ಹೊರಗಿನ ಪರವಾನಗಿಗಳಲ್ಲಿ ಫ್ರೀ ಆರ್ಟ್ ಲೈಸೆನ್ಸ್ 1.3 ಅನ್ನು ಬೈ-ಎಸ್‌ಎ 4.0ಕ್ಕೆ ಹೊಂದುವ ಪರವಾನಗಿ ಎಂದು 2014ರ ಅಕ್ಟೋಬರ್‌ನಲ್ಲಿ ಘೋಷಿಸಲಾಯಿತು. 2015ರ ಅಕ್ಟೋಬರ್‌ನಲ್ಲಿ ಗ್ನೂ ಜಿಪಿಎಲ್ 3ನೇ ಆವೃತ್ತಿಯೊಂದಿಗೂ ಹೊಂದಾಣಿಕೆ ಏರ್ಪಟ್ಟಿತು, ಆದರೆ ಅದು ಏಕಮುಖ. ಬೈ-ಎಸ್‌ಎ 4.0 ಚಿತ್ರವನ್ನು ಜಿಪಿಎಲ್ ತಂತ್ರಾಂಶದ ಐಕಾನ್ ಆಗಿ ಮಾರ್ಪಡಿಸಬಹುದು. ಜಿಪಿಎಲ್ ಐಕಾನನ್ನು ತಂದು ಬೈ-ಎಸ್‌ಎ ಮಾಂಟೇಜಿಗೆ ಸೇರಿಸಲಾಗದು.

ಜಿಎಫ್‌ಡಿಎಲ್‌ನ ಕತೆ ಬೇರೆ. ಅದರ ಪೂರ್ಣ ಪಠ್ಯ ಪ್ರತಿಯೊಂದು ಪ್ರತಿಯ ಜೊತೆಗೂ ಹೋಗಬೇಕು. ನೂರಾರು ಪುಟಗಳ ಕೈಪಿಡಿಗೆ ಇದು ಭಾರವಲ್ಲ. ಅಂಚೆಕಾರ್ಡಿನ ಗಾತ್ರದ ಚಿತ್ರಕ್ಕೆ ಪರವಾನಗಿಯೇ ಕೃತಿಗಿಂತ ದೊಡ್ಡದಾಗುತ್ತದೆ. ಈ ಭಾರವನ್ನು ಬಲ್ಲ ಕೆಲವು ಛಾಯಾಗ್ರಾಹಕರು ಮುದ್ರಣ ಬಳಕೆಯನ್ನು ತಡೆಯಲೆಂದೇ 'ಜಿಎಫ್‌ಡಿಎಲ್ 1.2 ಮಾತ್ರ' ಎಂಬ ನಮೂದನ್ನು ಆಯ್ದುಕೊಂಡದ್ದುಂಟು. 2008ರ ನವೆಂಬರ್‌ನ 1.3 ಆವೃತ್ತಿಯು ವಿಕಿ ತಾಣಗಳ ಕೃತಿಗಳನ್ನು 2009ರ ಆಗಸ್ಟ್ 1ರ ಒಳಗೆ ಬೈ-ಎಸ್‌ಎ 3.0ಕ್ಕೆ ಬದಲಾಯಿಸಲು ಅವಕಾಶ ನೀಡಿತು ಮತ್ತು ವಿಕಿಪೀಡಿಯ 2009ರ ಜೂನ್‌ನಲ್ಲಿ ಆ ಬದಲಾವಣೆ ಮಾಡಿಕೊಂಡಿತು. ಆ ಕಿಟಕಿಯ ಹೊರಗುಳಿದ ಜಿಎಫ್‌ಡಿಎಲ್ ಚಿತ್ರಗಳು ಇಂದಿಗೂ ಬೈ-ಎಸ್‌ಎ ಚಿತ್ರಗಳೊಂದಿಗೆ ಸೇರುವುದಿಲ್ಲ. 2018ರ ಅಕ್ಟೋಬರ್ 15ರ ನಂತರ ಪರವಾನಗಿ ಪಡೆದ ಛಾಯಾಚಿತ್ರಗಳಿಗೆ ಜಿಎಫ್‌ಡಿಎಲ್ ಒಂದನ್ನೇ ಏಕಮಾತ್ರ ಪರವಾನಗಿಯಾಗಿ ವಿಕಿಮೀಡಿಯ ಕಾಮನ್ಸ್ ಸ್ವೀಕರಿಸುವುದಿಲ್ಲ. ಹಳೆಯ ಚಿತ್ರಗಳಲ್ಲಿ ಹಲವು ಜಿಎಫ್‌ಡಿಎಲ್ ಮತ್ತು ಬೈ-ಎಸ್‌ಎ ಎರಡನ್ನೂ ಹೊಂದಿವೆ. ಆಗ ಬಳಕೆದಾರನು ತನಗೆ ಅನುಕೂಲವಾದ ಒಂದನ್ನು ಆರಿಸಿಕೊಂಡರೆ ಸಾಕು.

ಆವೃತ್ತಿಗಳ ತೊಡಕು

ಪರವಾನಗಿಯ ಹೆಸರಿನ ಕೊನೆಯ ಅಂಕಿಯನ್ನು ಅಲಂಕಾರವೆಂದು ಭಾವಿಸುವವರು ಹೆಚ್ಚು. ಸಮಾನ ಹಂಚಿಕೆಯ ಚಿತ್ರಗಳಲ್ಲಿ ಅದೇ ನಿರ್ಣಾಯಕ. 2004ರ 2.0 ಆವೃತ್ತಿಯಿಂದ ಮುಂದಕ್ಕೆ, ರೂಪಾಂತರವನ್ನು ಅದೇ ಆವೃತ್ತಿಯಲ್ಲಿ ಅಥವಾ ನಂತರದ ಆವೃತ್ತಿಯಲ್ಲಿ ಹಂಚಬಹುದು. ಹಾಗಾಗಿ 2.0, 3.0 ಮತ್ತು 4.0 ಚಿತ್ರಗಳು ಕೂಡಿದಾಗ ಸಂಯೋಜನೆಯು 4.0 ಆಗುತ್ತದೆ. ಹಿಂದಕ್ಕೆ ಹೋಗುವಂತಿಲ್ಲ, 4.0 ಚಿತ್ರವುಳ್ಳ ಮಾಂಟೇಜಿಗೆ 3.0 ಪರವಾನಗಿ ಕೊಟ್ಟರೆ ಅದು ತಪ್ಪು. 1.0 ಆವೃತ್ತಿಯಲ್ಲಿ ಮುಂದಿನ ಆವೃತ್ತಿಯ ಪ್ರಸ್ತಾಪವೇ ಇರಲಿಲ್ಲ. ಆದ್ದರಿಂದ ಬೈ-ಎಸ್‌ಎ 1.0 ಮಾತ್ರವೇ ಆಗಿರುವ ಚಿತ್ರವು ತನ್ನದೇ ಹೆಸರಿನ ಬೈ-ಎಸ್‌ಎ 4.0 ಚಿತ್ರದೊಂದಿಗೆ ಸೇರಲಾರದು.

3.0ರ ವರೆಗೆ ದೇಶವಾರು ಆವೃತ್ತಿಗಳೂ ಇದ್ದವು. ಭಾರತದ ಕಾನೂನಿಗೆ ಹೊಂದಿಸಿದ 2.5 ಆವೃತ್ತಿಯು 2007ರಲ್ಲಿ ಬಿಡುಗಡೆಯಾಗಿತ್ತು. 4.0ರಿಂದ ಈ ಪದ್ಧತಿಯನ್ನು ಕೈಬಿಟ್ಟು ಎಲ್ಲ ದೇಶಗಳಿಗೂ ಒಂದೇ ಪಠ್ಯವನ್ನು ಇಡಲಾಯಿತು. ದೇಶವಾರು ಸಮಾನ ಹಂಚಿಕೆಯ ಪರವಾನಗಿಗಳೂ ನಂತರದ ಆವೃತ್ತಿಗೆ ಏರಲು ಅವಕಾಶ ನೀಡುವುದರಿಂದ, ಹಳೆಯ ಚಿತ್ರಗಳನ್ನು ಬೆರೆಸುವವರಿಗೆ 4.0 ಸಹಜವಾದ ನಿಲ್ದಾಣವಾಗಿದೆ. ವಿಕಿಪೀಡಿಯದ ಪಠ್ಯವೂ 2023ರ ಜೂನ್‌ನಲ್ಲಿ ಬೈ-ಎಸ್‌ಎ 4.0ಕ್ಕೆ ಬದಲಾಯಿತು.

ಆವೃತ್ತಿಯ ವ್ಯತ್ಯಾಸವು ತಪ್ಪಾದಾಗಿನ ಪರಿಣಾಮದಲ್ಲಿಯೂ ಇದೆ. 3.0 ಮತ್ತು ಅದಕ್ಕಿಂತ ಹಿಂದಿನ ಪರವಾನಗಿಗಳಲ್ಲಿ ಷರತ್ತು ಮುರಿದ ಕ್ಷಣದಲ್ಲಿ ಅನುಮತಿ ತಾನಾಗಿ ರದ್ದಾಗುತ್ತದೆ. 4.0ರಲ್ಲಿ ತಪ್ಪು ಗಮನಕ್ಕೆ ಬಂದ 30 ದಿನಗಳೊಳಗೆ ಅದನ್ನು ಸರಿಪಡಿಸಿದರೆ ಅನುಮತಿ ಮರಳಿ ಬರುತ್ತದೆ. ಹಳೆಯ ಆವೃತ್ತಿಯ ಚಿತ್ರಗಳಲ್ಲಿ ಹೆಸರು ತಪ್ಪಿಸಿದವರನ್ನು ಹುಡುಕಿ ಪರಿಹಾರ ಧನ ಕೇಳುವ ದಂಧೆಯೇ ಬೆಳೆದಿರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಒಂದು ಉದಾಹರಣೆ

ಹಂಪಿಯ ಕುರಿತ ಲೇಖನಕ್ಕೆ ಮಾಂಟೇಜ್ ರಚಿಸುವ ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಛಾಯಾಚಿತ್ರಗಳಲ್ಲಿ ಒಂದು, ಫ್ಲಿಕರ್‌ನಿಂದ ತಂದ ಕಲ್ಲಿನ ರಥದ ಬೈ 2.0 ಚಿತ್ರ, ವಿರೂಪಾಕ್ಷ ದೇವಾಲಯದ ಗೋಪುರದ ಬೈ-ಎಸ್‌ಎ 3.0 ಚಿತ್ರ, ಕಮಲ ಮಹಲಿನ ಬೈ-ಎಸ್‌ಎ 4.0 ಚಿತ್ರ ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶದಿಂದ ಸಂಯೋಜಕನೇ ಬಿಡಿಸಿದ ಒಂದು ನಕ್ಷೆ ಇಷ್ಟು ಸಾಮಗ್ರಿ ಇದೆ ಎಂದುಕೊಳ್ಳೋಣ.

ಗ್ರೀನ್‌ಲಾ ಚಿತ್ರದ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಅದು ಯಾವ ಷರತ್ತನ್ನೂ ಹಾಕುವುದಿಲ್ಲ. ರಥದ ಚಿತ್ರ ಹೆಸರನ್ನು ಕೇಳುತ್ತದೆ. ಗೋಪುರದ ಚಿತ್ರಕ್ಕೆ ಬೈ-ಎಸ್‌ಎ 3.0 ಅಥವಾ ನಂತರದ್ದು ಬೇಕು. ಕಮಲ ಮಹಲಿನದಕ್ಕೆ 4.0 ಅಥವಾ ನಂತರದ್ದು. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶವು 2012ರ ಸೆಪ್ಟೆಂಬರ್‌ನಿಂದ ಓಪನ್ ಡೇಟಾಬೇಸ್ ಲೈಸೆನ್ಸ್ ಅಡಿಯಲ್ಲಿದೆ. ಅದರಿಂದ ರಚಿಸಿದ ನಕ್ಷಾಚಿತ್ರಕ್ಕೆ ಮೂಲವನ್ನು ಹೇಳಿ ಬೇರೆ ಪರವಾನಗಿ ಕೊಡಲು ಆ ಪರವಾನಗಿಯೇ ಅವಕಾಶ ನೀಡಿದೆ. ಬೇರೆಯವರು ವಿನ್ಯಾಸಗೊಳಿಸಿದ ನಕ್ಷೆಯ ತುಣುಕಾಗಿದ್ದರೆ ಆ ವಿನ್ಯಾಸದ ಪರವಾನಗಿಯನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತಿತ್ತು. ಎಲ್ಲವನ್ನೂ ತೂಗಿದಾಗ ಉಳಿಯುವುದು ಬೈ-ಎಸ್‌ಎ 4.0 ಒಂದೇ.

ಈಗ ಮಾತಂಗ ಬೆಟ್ಟದಿಂದ ತೆಗೆದ ಸೂರ್ಯೋದಯದ ಸುಂದರ ಚಿತ್ರವೊಂದು ಸಿಕ್ಕಿದ್ದು, ಅದು ಬೈ-ಎನ್‌ಸಿ-ಎಸ್‌ಎ 4.0 ಆಗಿದ್ದರೆ, ಅದನ್ನು ಸೇರಿಸಿದ ಕ್ಷಣದಲ್ಲಿ ಮಾಂಟೇಜಿಗೆ ಯಾವ ಪರವಾನಗಿಯೂ ಇಲ್ಲದಂತಾಗುತ್ತದೆ. ಚಿತ್ರವು ಎಷ್ಟು ಚಿಕ್ಕದು, ಎಷ್ಟು ಮೂಲೆಯಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಉಚಿತ ಮತ್ತು ಮುಕ್ತ

ಶುಲ್ಕವಿಲ್ಲದೆ ದೊರೆಯುವ ಎಲ್ಲ ಚಿತ್ರಗಳೂ ಮುಕ್ತವಲ್ಲ. ಅನ್‌ಸ್ಪ್ಲ್ಯಾಶ್ ತಾಣವು 2017ರ ಜೂನ್‌ವರೆಗೆ, ಪಿಕ್ಸಾಬೇ ತಾಣವು 2019ರ ಜನವರಿವರೆಗೆ ಚಿತ್ರಗಳನ್ನು ಸಿಸಿ ಝೀರೋ ಅಡಿಯಲ್ಲಿ ನೀಡುತ್ತಿದ್ದವು. ನಂತರ ಎರಡೂ ತಮ್ಮದೇ ಪರವಾನಗಿಗಳಿಗೆ ಬದಲಾದವು. ಈ ಹೊಸ ಪರವಾನಗಿಗಳಲ್ಲಿ ಮರುಹಂಚಿಕೆಯ ಮೇಲೆ ಮಿತಿಗಳಿರುವುದರಿಂದ ಅಲ್ಲಿನ ಈಚಿನ ಚಿತ್ರಗಳನ್ನು ಬೈ-ಎಸ್‌ಎ ಮಾಂಟೇಜಿನಲ್ಲಿ ಸೇರಿಸಿ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಲಾಗದು. ಒಂದೇ ತಾಣದ ಎರಡು ಚಿತ್ರಗಳು ಪ್ರಕಟವಾದ ದಿನಾಂಕದಿಂದಲೇ ಬೇರೆ ಬೇರೆ ಸ್ಥಿತಿಯಲ್ಲಿರಬಹುದು.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಕರ್ತೃ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದರೆ ತಾಣದಲ್ಲಿನ ನಮೂದನ್ನು ಆತ ಮುಂದೆ ಬದಲಾಯಿಸಿದರೆ, ಹಿಂದೆ ಏನಿತ್ತು ಎಂಬುದಕ್ಕೆ ಸಾಕ್ಷ್ಯ ಬೇಕಾಗುತ್ತದೆ. ಫ್ಲಿಕರ್‌ನಿಂದ ಬಂದ ಚಿತ್ರಗಳ ಪರವಾನಗಿಯನ್ನು ಪರಿಶೀಲಿಸಿ ದಿನಾಂಕದೊಡನೆ ದಾಖಲಿಸುವ ವ್ಯವಸ್ಥೆ ವಿಕಿಮೀಡಿಯ ಕಾಮನ್ಸ್‌ನಲ್ಲಿರುವುದು ಇದಕ್ಕಾಗಿಯೇ.

ಕರ್ತೃ ನಮೂದು

ಪರವಾನಗಿ ಸರಿಯಾಗಿದ್ದರೂ ಹೆಸರುಗಳಲ್ಲಿ ಎಡವುವುದು ಸಾಮಾನ್ಯ. ಸಂಯೋಜಿತ ಚಿತ್ರದ ವಿವರಣಾ ಪುಟದಲ್ಲಿ ಪ್ರತಿ ಮೂಲಚಿತ್ರದ ಕರ್ತೃ, ಮೂಲ ಕೊಂಡಿ, ಪರವಾನಗಿ ಮತ್ತು ಅದರ ಆವೃತ್ತಿ ಇರಬೇಕು. ಯಾವ ಚಿತ್ರ ಎಲ್ಲಿದೆ ಎಂಬುದನ್ನು 'ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ' ಎಂಬಂತೆ ಸೂಚಿಸುವುದು ಒಳ್ಳೆಯ ರೂಢಿ. 3.0ರ ವರೆಗಿನ ಆವೃತ್ತಿಗಳಲ್ಲಿ ಕರ್ತೃವು ಶೀರ್ಷಿಕೆ ಕೊಟ್ಟಿದ್ದರೆ ಅದನ್ನೂ ಹೇಳಬೇಕು; 4.0ರಲ್ಲಿ ಅದು ಕಡ್ಡಾಯವಲ್ಲ. 3.0ರ ಇನ್ನೊಂದು ನಿಯಮದಂತೆ, ಎಲ್ಲ ಕೊಡುಗೆದಾರರ ಹೆಸರುಗಳ ಪಟ್ಟಿ ಇರುವಲ್ಲಿ ಈ ಕರ್ತೃವಿನ ಹೆಸರೂ ಇತರರಷ್ಟೇ ಎದ್ದು ಕಾಣುವಂತಿರಬೇಕು. ಸಂಯೋಜಕನು ತನ್ನ ಹೆಸರನ್ನು ದೊಡ್ಡದಾಗಿ ಬರೆದು ಉಳಿದವರನ್ನು 'ಮತ್ತು ಇತರರು' ಎಂದು ಮುಗಿಸುವಂತಿಲ್ಲ. 4.0ರಲ್ಲಿ ಈ ಎಲ್ಲ ಮಾಹಿತಿ ಇರುವ ಪುಟದ ಕೊಂಡಿಯನ್ನು ಕೊಡುವುದೂ ಸಾಕಾಗಬಹುದು. ಮಾರ್ಪಾಡು ಮಾಡಿದ್ದರೆ, ಅದು ಅಂಚು ಕತ್ತರಿಸಿದಷ್ಟೇ ಆಗಿದ್ದರೂ, ತಿಳಿಸಬೇಕೆಂದು 4.0 ಹೇಳುತ್ತದೆ.

ಅಂಚು ಕತ್ತರಿಸುವುದರ ಅಪಾಯಕ್ಕೆ ಜರ್ಮನಿಯ ಪ್ರಕರಣವೊಂದು ನಿದರ್ಶನ. ವಾಣಿಜ್ಯೇತರ ಪರವಾನಗಿಯ ಚಿತ್ರವನ್ನು ಸಾರ್ವಜನಿಕ ಬಾನುಲಿ ಸಂಸ್ಥೆಯೊಂದು ತನ್ನ ಜಾಲತಾಣದಲ್ಲಿ ಬಳಸಿತ್ತು. ವಾಣಿಜ್ಯೇತರ ಎಂದರೆ ಖಾಸಗಿ ಬಳಕೆ ಮಾತ್ರ ಎಂದು ಕಲೋನ್ ನಗರದ ಕೆಳಗಿನ ನ್ಯಾಯಾಲಯವು 2014ರ ಮಾರ್ಚ್‌ನಲ್ಲಿ ಹೇಳಿದ್ದನ್ನು ಮೇಲ್ಮನವಿ ನ್ಯಾಯಾಲಯವು ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಪ್ಪಲಿಲ್ಲ. ಆದರೂ ಸಂಸ್ಥೆ ಪೂರ್ಣವಾಗಿ ಪಾರಾಗಲಿಲ್ಲ. ಚಿತ್ರವನ್ನು ಕತ್ತರಿಸುವಾಗ ಅದರ ಅಂಚಿನಲ್ಲಿದ್ದ ಛಾಯಾಗ್ರಾಹಕರ ಹೆಸರೂ ಹೋಗಿತ್ತು.

ಚಿತ್ರದೊಳಗಿನ ಕೃತಿಗಳು

ಛಾಯಾಗ್ರಾಹಕನು ಕೊಡಬಲ್ಲದ್ದು ತನ್ನ ಹಕ್ಕನ್ನು ಮಾತ್ರ. ಆತ ಸೆರೆಹಿಡಿದ ವಸ್ತುವೇ ಇನ್ನೊಬ್ಬರ ಹಕ್ಕುಸ್ವಾಮ್ಯದ ಕೃತಿಯಾಗಿದ್ದರೆ ಚಿತ್ರದ ಮೇಲಿನ ಮುಕ್ತ ಪರವಾನಗಿ ಅದನ್ನು ಒಳಗೊಳ್ಳುವುದಿಲ್ಲ. ಭಾರತದ ಅಧಿನಿಯಮದ 52ನೇ ಪ್ರಕರಣವು ಕಟ್ಟಡಗಳ ಛಾಯಾಚಿತ್ರಕ್ಕೂ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಸ್ಥಾಪಿಸಿದ ಶಿಲ್ಪಗಳ ಛಾಯಾಚಿತ್ರಕ್ಕೂ ವಿನಾಯಿತಿ ನೀಡಿದೆ. ಗೋಡೆಯ ಮೇಲಿನ ವರ್ಣಚಿತ್ರ, ಯಕ್ಷಗಾನ ಪ್ರದರ್ಶನದ ಪೋಸ್ಟರ್, ಪುಸ್ತಕದ ರಕ್ಷಾಪುಟ ಇವು ಆ ವಿನಾಯಿತಿಯೊಳಗೆ ಬರುವುದಿಲ್ಲ. ನಗರಜೀವನದ ಮಾಂಟೇಜುಗಳಲ್ಲಿ ಇಂತಹ ಚಿತ್ರಗಳು ಸಲೀಸಾಗಿ ನುಸುಳುತ್ತವೆ. ಚಿತ್ರದಲ್ಲಿರುವ ವ್ಯಕ್ತಿಗಳ ಖಾಸಗಿತನದ ಪ್ರಶ್ನೆಯನ್ನೂ ಈ ಪರವಾನಗಿಗಳು ಬಗೆಹರಿಸುವುದಿಲ್ಲ.

ಭಾರತದಲ್ಲಿ ಪ್ರಕಟವಾದ ಹಳೆಯ ಛಾಯಾಚಿತ್ರಗಳ ಅವಧಿಯಲ್ಲಿಯೂ ಎಚ್ಚರ ಬೇಕು. ಮೊದಲು ಪ್ರಕಟಣೆಯಿಂದ 60 ವರ್ಷ ಎಂದಿದ್ದ ಅವಧಿಯ ನಿಯಮವನ್ನು 2012ರ ತಿದ್ದುಪಡಿ ತೆಗೆದುಹಾಕಿತು. ಈಗ ಛಾಯಾಚಿತ್ರಗಳಿಗೂ ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳ ಲೆಕ್ಕ ಅನ್ವಯಿಸುತ್ತದೆ.

ಚಿತ್ರದ ಮೇಲೆ ಕನ್ನಡ ಅಕ್ಷರಗಳನ್ನು ಮೂಡಿಸಲು ಬಳಸುವ ಫಾಂಟುಗಳ ಬಗ್ಗೆ ಅನಗತ್ಯ ಆತಂಕ ಕಂಡುಬರುತ್ತದೆ. ನೋಟೊ ಸಾನ್ಸ್ ಕನ್ನಡದಂತಹ ಫಾಂಟುಗಳಿಗಿರುವ ಓಪನ್ ಫಾಂಟ್ ಲೈಸೆನ್ಸ್, ಆ ಫಾಂಟಿನಿಂದ ರಚಿಸಿದ ದಾಖಲೆ ಅಥವಾ ಚಿತ್ರಕ್ಕೆ ಅನ್ವಯಿಸುವುದಿಲ್ಲ.

ಪರವಾನಗಿಗಳು ಹೊಂದದಿದ್ದಾಗ

ಹೊಂದದ ಚಿತ್ರವನ್ನು ಬದಲಾಯಿಸುವುದೇ ಸಾಮಾನ್ಯವಾಗಿ ಸುಲಭದ ದಾರಿ. ಅದಕ್ಕೆ ಪರ್ಯಾಯವಿಲ್ಲದಿದ್ದರೆ ಕರ್ತೃವಿಗೆ ಬರೆದು ಬೇರೆ ಪರವಾನಗಿ ಕೇಳಬಹುದು. ಕರ್ತೃವು ಒಂದೇ ಚಿತ್ರವನ್ನು ಎರಡು ಪರವಾನಗಿಗಳಡಿ ನೀಡಲು ಯಾವ ಅಡ್ಡಿಯೂ ಇಲ್ಲ, ಏಕೆಂದರೆ ಸಮಾನ ಹಂಚಿಕೆಯ ಷರತ್ತು ಬಳಕೆದಾರನನ್ನು ಕಟ್ಟುತ್ತದೆಯೇ ಹೊರತು ಒಡೆಯನನ್ನಲ್ಲ. 'ನನ್ನ ಚಿತ್ರವನ್ನು ವಿಕಿಪೀಡಿಯದಲ್ಲಿ ಬಳಸಿಕೊಳ್ಳಿ' ಎಂಬ ಸೌಜನ್ಯದ ಉತ್ತರ ಸಾಲದು. ಪರವಾನಗಿಯ ಹೆಸರು ಮತ್ತು ಆವೃತ್ತಿ ಅನುಮತಿಯಲ್ಲಿ ಸ್ಪಷ್ಟವಾಗಿರಬೇಕು.

ಮೂರನೆಯ ದಾರಿ ಬೆಸೆಯದೆ ಇರುವುದು. ವಿಕಿಪೀಡಿಯದಲ್ಲಿ ಹಲವು ಚಿತ್ರಗಳನ್ನು ಒಂದೇ ಚೌಕಟ್ಟಿನಲ್ಲಿ ತೋರಿಸುವ ಟೆಂಪ್ಲೇಟುಗಳಿವೆ. ಅವು ಪ್ರತಿ ಚಿತ್ರವನ್ನೂ ಬಿಡಿ ಕಡತವಾಗಿಯೇ ಇಟ್ಟು ಪುಟದ ಮೇಲೆ ಮಾತ್ರ ಜೋಡಿಸುತ್ತವೆ. ಜಿಎಫ್‌ಡಿಎಲ್ 1.2 ಚಿತ್ರವೂ ಬೈ-ಎಸ್‌ಎ 4.0 ಚಿತ್ರವೂ ಹೀಗೆ ಅಕ್ಕಪಕ್ಕ ಇರಬಲ್ಲವು. ಯಾವ ಚಿತ್ರದ ಮೇಲೆ ಒತ್ತಿದರೂ ಅದರದೇ ವಿವರಣಾ ಪುಟ ನೇರವಾಗಿ ತೆರೆಯುತ್ತದೆ, ಮತ್ತು ಒಂದು ಚಿತ್ರ ಮುಂದೆಂದಾದರೂ ಅಳಿಸಲ್ಪಟ್ಟರೆ ಉಳಿದವು ಹಾಗೆಯೇ ನಿಲ್ಲುತ್ತವೆ. ಬೆಸೆದ ಮಾಂಟೇಜುಗಳಿದ್ದ ಅನೇಕ ನಗರಗಳ ಲೇಖನಗಳು ಈ ವಿಧಾನಕ್ಕೆ ಬದಲಾಗಿವೆ.

ಈಗಾಗಲೇ ಪ್ರಕಟವಾದ ಸಂಯೋಜನೆಯಲ್ಲಿ ದೋಷ ಕಂಡುಬಂದರೆ ವಿಕಿಮೀಡಿಯ ಕಾಮನ್ಸ್‌ನಲ್ಲಿ ಅಳಿಸುವಿಕೆಯ ಚರ್ಚೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ನಡೆಯುತ್ತದೆ. ಆ ಅವಧಿಯಲ್ಲಿ ದೋಷವಿರುವ ಚಿತ್ರವನ್ನು ತೆಗೆದು ಬೇರೊಂದನ್ನು ಕೂರಿಸಿದ ಹೊಸ ಆವೃತ್ತಿಯನ್ನು ಅದೇ ಕಡತದ ಹೆಸರಿನಲ್ಲಿ ಏರಿಸಬಹುದು. ಹಳೆಯ ಆವೃತ್ತಿಯನ್ನು ಮಾತ್ರ ನಿರ್ವಾಹಕರು ಅಳಿಸುತ್ತಾರೆ. ವಿವರಣಾ ಪುಟದಲ್ಲಿ ಮೂಲಗಳ ಪಟ್ಟಿಯೇ ಇಲ್ಲದ ಮಾಂಟೇಜನ್ನು ಹೀಗೆ ಉಳಿಸಿಕೊಳ್ಳುವುದು ಬಹಳ ಕಷ್ಟ, ಏಕೆಂದರೆ ಯಾವ ಚಿತ್ರವನ್ನು ಬದಲಾಯಿಸಬೇಕು ಎಂಬುದನ್ನು ಹೇಳಬಲ್ಲವನು ಅದನ್ನು ರಚಿಸಿದ ಸಂಯೋಜಕನೊಬ್ಬನೇ.